ಹೊಟ್ಟೆಯ ಮೇಲಿನ ಎರಡು ಬರೆ

ವಿಜಿ, ನಿನ್ನ ಹೊಟ್ಟೆಯ ಮೇಲಿನ ಎರಡು ಬರೆ ಹಾಕಿಸಿದವಳು ನಿನ್ನ ಅಜ್ಜಿಯಲ್ಲ. ಹಾಕಿಸಿದವನು ನಾನು — ನಿನ್ನ ಅಪ್ಪ. ಇಷ್ಟು ವರ್ಷ ಆ ಮಾತನ್ನು ನುಂಗಿಕೊಂಡು, ತಪ್ಪನ್ನು ಅವಳ ತಲೆಗೆ ಕಟ್ಟಿ, ಎದೆಯುಬ್ಬಿಸಿ ತಿರುಗಿದ್ದೇನೆ.

ಎದೆಯುಬ್ಬಿಸಲು ಕಾರಣವೇ ಇರಲಿಲ್ಲವೆಂದಲ್ಲ. ಯಲಬುರ್ಗಾದಲ್ಲಿ ನನ್ನಷ್ಟು ಚೊಕ್ಕಾಗಿ ಇಂಗ್ಲಿಷ್ ಕಲಿಸಿದವರಿದ್ದರೆ ಕರೆದುಕೊಂಡು ಬಾ, ನೋಡೋಣ! ಕೂಸಿಗೆ ಹೊಟ್ಟೆನೋವು ಬಂದರೆ ಕಾಸಿದ ಬಳೆಚೂರಿನಿಂದ ಸುಡಿಸಬೇಡಿ, ದವಾಖಾನೆಗೆ ಒಯ್ಯಿರಿ ಎಂದು ಪಾಲಕರ ಸಭೆಯಲ್ಲಿ ಗಂಟಲು ಹರಿಯುವಂತೆ ಹೇಳಿದವನೂ ನಾನೇ.

ಕೊಪ್ಪಳ ಜಿಲ್ಲೆಯಾದ ವರ್ಷ ನೀನು ಹುಟ್ಟಿದೆ. ಮರುವರ್ಷ ನಿನ್ನ ಅವ್ವ ಪರೀಕ್ಷೆಗೆಂದು ಒಂದು ವಾರ ಕೊಪ್ಪಳಕ್ಕೆ ಹೋದಳು. ನಿನ್ನನ್ನು ನೋಡಿಕೊಳ್ಳಲು ಅವಳ ತಾಯಿ — ನಿನ್ನ ಅಜ್ಜಿ — ಕುಷ್ಟಗಿಯಿಂದ ಬಂದಳು. ಅವತ್ತೇ ನಿನ್ನ ಹೊಟ್ಟೆ ಉಬ್ಬಿ ನಗಾರಿಯಾಯಿತು. ಅತ್ತೂ ಅತ್ತೂ ಕೊನೆಗೆ ಅಳುವ ಶಕ್ತಿಯೂ ಇಲ್ಲದೆ... ನನ್ನ ಜೀವ ಬಾಯಿಗೆ ಬಂತು. ಬೇವೂರಿನಲ್ಲಿ ಬರೆ ಹಾಕುವ ಮುದುಕನೊಬ್ಬನಿದ್ದ. ನಾನು ಕೂಸಾಗಿದ್ದಾಗ ನನ್ನ ಹೊಟ್ಟೆಗೂ ಅವನೇ ಹಾಕಿದ್ದ — ನಾನು ಬದುಕಿದ್ದೆನಲ್ಲ!

"ಮಾಸ್ತರ, ಸುಡಸಬ್ಯಾಡ್ರಿ. ಎಳೀ ಕೂಸೈತಿ. ದವಾಖಾನಿಗೆ ಹೋಗೂನು ನಡೀರಿ," ಎಂದು ಅಜ್ಜಿ ಸೆರಗೊಡ್ಡಿ ಬೇಡಿಕೊಂಡಳು.

"ನಿಮಗೇನ್ ತಿಳೀತೈತಿ? ಸುಮ್ನ ಕುಂದರ್ರಿ!" ಎಂದು ಗದರಿಸಿ, ಅವಳ ಮಡಿಲಿನಿಂದ ನಿನ್ನನ್ನು ಕಸಿದುಕೊಂಡು ಹೋದೆ.

ಸುಟ್ಟ ಗಾಯ ಕೀವಾಗಿ ಜ್ವರ ಏರಿತು. ಆಗ ನಿನ್ನನ್ನು ಎತ್ತಿಕೊಂಡು ದವಾಖಾನೆಗೆ ಓಡಿದವಳು ಅಜ್ಜಿ. ಡಾಕ್ಟರು ಅವಳನ್ನೇ ಬೈದರು — ಅವಳ ಸೀರೆ ನೋಡಿಯೇ ಅವಳದೇ ಕೆಲಸವೆಂದುಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಕೊಪ್ಪಳದಿಂದ ಬಂದ ನಿನ್ನ ಅವ್ವ ಚೀರಿದಳು: "ಯಾರ ಮಾಡಿದ್ದಿದು?"

"ನಿಮ್ಮವ್ವ," ಎಂದೆ.

ನಂಬದಿರಲು ಏನಿತ್ತು? ಸಹಿ ಬಾರದ ಮುದುಕಿ ಒಂದು ಕಡೆ, ಇಂಗ್ಲಿಷ್ ಮಾಸ್ತರ ಒಂದು ಕಡೆ. ಅಜ್ಜಿ ನನ್ನ ಮುಖ ನೋಡಿದಳು, ಅಷ್ಟೇ. ಹೊರಡುವಾಗ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಕೂಸು ಉಳೀತಲ್ರಿ, ಸಾಕು. ನಿಮ್ಮ ಮರ್ಯಾದಿ ನಿಮ್ಮ ಕಡೀನ ಇರ್ಲಿ." ಅಲ್ಲಿಂದೀಚೆ ನಿನ್ನ ಅವ್ವ ನಿನ್ನನ್ನು ಅವಳೊಬ್ಬಳ ಬಳಿ ಎಂದೂ ಬಿಡಲಿಲ್ಲ. ನೀನೂ ಅವಳಿಗೆ ಅಂಜಿಕೊಂಡೇ ಬೆಳೆದೆ.

ಎಂಟನೆಯ ತರಗತಿಯಲ್ಲಿ ನೀನು ನನ್ನದೇ ವಿದ್ಯಾರ್ಥಿನಿ. ಅಂದು 'ಸ್ಕಾರ್' ಎಂಬ ಶಬ್ದ ಕಲಿಸುತ್ತಿದ್ದೆ. ಗಾಯ ಮಾಯುತ್ತದೆ, ಮಾಯ್ದ ಮೇಲೂ ಉಳಿಯುವ ಕಲೆಗೆ ಸ್ಕಾರ್ ಎನ್ನುತ್ತಾರೆ. ಮೈಮೇಲಿನದಕ್ಕೂ ಸಲ್ಲುತ್ತದೆ, ಮನಸ್ಸಿನದಕ್ಕೂ — ಎಂದು ವಿವರಿಸಿ, ಸ್ವಂತ ವಾಕ್ಯ ಮಾಡಿ ಎಂದೆ. ಮೊದಲು ಎದ್ದವಳು ನೀನು: "ಮೈ ಗ್ರ್ಯಾಂಡ್‌ಮದರ್ ಗೇವ್ ಮಿ ಎ ಸ್ಕಾರ್." ವ್ಯಾಕರಣದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. "ಶಾಬ್ಬಾಸ್!" ಎಂದು ಇಡೀ ವರ್ಗದಿಂದ ಚಪ್ಪಾಳೆ ಹೊಡೆಸಿದೆ. ಹೆಮ್ಮೆಯೇ ಆಯಿತು, ಈಗೇಕೆ ಮುಚ್ಚಿಡಲಿ? ಆ ವಾಕ್ಯ ಸುಳ್ಳೆಂದು ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ.

ಈಗ ನೀನೂ ಗಂಗಾವತಿಯಲ್ಲಿ ಇಂಗ್ಲಿಷ್ ಟೀಚರ್. ನನಗಿಂತ ಚೆಂದ ಕಲಿಸುತ್ತೀ — ಕಿಟಕಿಯ ಹೊರಗೆ ನಿಂತು ಕೇಳಿದವನು ಹೇಳುತ್ತಿದ್ದೇನೆ. ಮೊನ್ನೆ ನಿನ್ನ ಫೋನು ಬಂತು: "ಅಪ್ಪಾ, ಇವತ್ತ ಸ್ಕಾರ್ ಕಲಿಸಿದ್ನಿ. ನಂದ ಹಳೇ ವಾಕ್ಯಾನ ಬೋರ್ಡಿನ ಮ್ಯಾಲೆ ಬರದ್ನಿ. ಅಜ್ಜಿ ಇಂಥಾ ಕಾಣಿಕಿ ಕೊಡ್ತಾಳೇನ್ರಿ ಅಂತ ಹುಡುಗ್ರು ನಕ್ಕ ನಕ್ಕ ಸುಸ್ತಾದ್ರು." ನಾನೂ ನಕ್ಕೆ. ಫೋನಿಟ್ಟ ಮೇಲೆ ಹೊಳೆಯಿತು: ನನ್ನ ಸುಳ್ಳನ್ನು ನಾನು ಕಂಡರಿಯದ ಮಕ್ಕಳೂ ಬಾಯಿಪಾಠ ಮಾಡುತ್ತಿದ್ದಾರೆ...

ಅಜ್ಜಿ ಈ ವಯಸ್ಸಿನಲ್ಲೂ ತಾನೇ ರೊಟ್ಟಿ ಬಡಿಯುತ್ತಾಳೆ. ನಾನು ಹೋದರೆ "ಮಾಸ್ತರು ಬಂದ್ರು" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ; ಅವಳಿಗೆ ನನ್ನ ಮೇಲೆ ಇನ್ನೂ ಹೆಮ್ಮೆ! ಈ ಭಾನುವಾರ ನಿನ್ನ ಅವ್ವನನ್ನು ಕರೆದುಕೊಂಡು ಕುಷ್ಟಗಿಗೆ ಹೋಗುತ್ತೇನೆ. ಇಬ್ಬರ ಮುಂದೆಯೂ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ನೀನು ಒಂದು ಕೆಲಸ ಮಾಡು. ಸೋಮವಾರ ಅದೇ ಮಕ್ಕಳೆದುರು, ಅದೇ ಬೋರ್ಡಿನ ಮೇಲೆ, ಗ್ರ್ಯಾಂಡ್‌ಮದರ್ ಎಂಬುದನ್ನು ಒರೆಸಿ ಫಾದರ್ ಎಂದು ಹಾಕು. ಉಳಿದ ವಾಕ್ಯ ಸರಿಯಾಗಿಯೇ ಇದೆ.