‘ಅದಿರಲಿ’ ಎನ್ನದ ಮಾಸ್ತರರು

ಇಂಡಿ ಊರಿನ ನಮ್ಮ ಶಾಲೆಯ ಎಂಟನೆಯ ವರ್ಗಕ್ಕೆ ಹಾವು ಬಂದಾಗ ಅದನ್ನು ಮೊದಲು ಕಂಡವರು ಕನ್ನಡದ ಮಲಕಪ್ಪ ಮಾಸ್ತರರು. ಕಂಡರೂ ಕೂಗಲಿಲ್ಲ. ಆಗ ಅವರು ರೈತನ ಮೇಲೆ ಪ್ರಬಂಧ ಬರೆಸುತ್ತಿದ್ದರು. “ಬೆಳಿ ಇದ್ದಲ್ಲಿ ಇಲಿ ಬರತಾವು. ಇಲಿ ತಿಂದು ರೈತಗ ಉಪಕಾರ ಮಾಡೂ ಪ್ರಾಣಿ ಯಾವುದು?” ಎಂದು ಕೇಳಿದರು.

“ಬೆಕ್ಕರಿ.”

“ಅದೂ ಖರೆ. ಇನ್ನೊಂದು?”

“ಹಾವರಿ.”

“ಶಾಬಾಷ್. ಅದು ಈಗ ನಿನ್ನ ಬೆಂಚಿನ ಬುಡಕ ಐತಿ, ಸಾವಿತ್ರಿ.”

ಆ ಸಾವಿತ್ರಿ ನಾನೇ. ಕಿಟಕಿಯಿಂದ ಹೊರಗೆ ಹೇಗೆ ಬಿದ್ದೆನೋ ಇವತ್ತಿಗೂ ತಿಳಿಯದು.

ಹೀಗೆ ಹಾರುವುದು ಕಿಟಕಿಗೆ ಸರಿ, ಪ್ರಬಂಧಕ್ಕಲ್ಲ ಎಂಬುದು ಅವರ ಸಿದ್ಧಾಂತ. ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಕೊಂಡಿ ಬೇಕೇ ಬೇಕು. ‘ಅದಿರಲಿ’ ಎಂದು ಬರೆದು ವಿಷಯ ಬದಲಿಸಿದವರ ಮುಖ ನೋಡುತ್ತಿರಲಿಲ್ಲ. ನಿಂಬೆಯ ಪ್ರಬಂಧದಲ್ಲಿ ನಾನು ಮೊದಲು ಗಿಡ ಬಣ್ಣಿಸಿ, ಸೀದಾ ಪೇಟೆಗೆ ಹೋಗಿದ್ದೆ. “ಗಿಡದಾಗಿನ ಹಣ್ಣು ತಾನ ನಡಕೋತ ಪ್ಯಾಟಿಗೆ ಹೋತೇನ? ಯಾರು ಹರದ್ರು? ಮುಳ್ಳು ಯಾರಿಗೆ ಚುಚ್ಚಿತು?” ಎಂದರು. ನಡುವೆ ನಮ್ಮವ್ವನ ಗೀರುಬಿದ್ದ ಕೈ ಬರೆದೆ. ಮಾಸ್ತರರು ಓದಿ ಕನ್ನಡಕ ಒರೆಸಿಕೊಂಡರು.

ಮನೆಗೆ ಹೋಗಿ ಆ ಕನ್ನಡಕ ತೆಗೆದಿಟ್ಟ ಮೇಲೂ ಕೊಂಡಿಯ ಹುಚ್ಚು ಬಿಡುತ್ತಿರಲಿಲ್ಲ. ಊಟ ಬೇಕೆಂದರೆ ಜೋಳದ ಬಿತ್ತನೆಯಿಂದ ಶುರು. “ಇವರು ಹಸಿವಾಗೇತಿ ಅನ್ನೂದರಾಗ ರೊಟ್ಟಿ ಆರಿರ್ತಾವು” ಎಂದು ಅವರ ಹೆಂಡತಿ ಕಾಶವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು.

ಇಂಥವರನ್ನು ನಂಬಿ ನನ್ನ ಇಡೀ ಬಾಳನ್ನೇ ಒಪ್ಪಿಸಿದ್ದೆನಲ್ಲ, ಏನು ಹೇಳಲಿ! ಡಿಗ್ರಿ ಮುಗಿದ ವರ್ಷ ಮುದ್ದೇಬಿಹಾಳದಿಂದ ಗಂಡಿನವರು ನನ್ನನ್ನು ನೋಡಲು ಬರುವುದೆಂದಾಯಿತು. ನನಗೆ ಬಿ.ಎಡ್. ಮಾಡುವ ಆಸೆ, ಅಪ್ಪನೆದುರು ಬಾಯಿ ಬಾರದು. ಮಾಸ್ತರರ ಮುಂದೆ ಅತ್ತುಬಿಟ್ಟೆ. “ಅಂಜಬ್ಯಾಡವಾ, ನಾ ಹೇಳ್ತೇನಿ” ಎಂದರು.

ಆ ದಿನ ಮಾಸ್ತರರೂ ಬಂದು ಗಂಡಿನವರ ನಡುವೆ ಕುಳಿತರು. ವರನ ತಂದೆ ನಿಂಬೆ ಶರಬತ್ತು ಹೊಗಳುತ್ತಿದ್ದರು. ಮಾಸ್ತರರು ಅಲ್ಲಿಂದಲೇ ಹಿಡಿದರು. ಶರಬತ್ತಿನ ಹುಳಿಯಿಂದ ಕೊಲ್ಹಾರದ ಮೊಸರು, ಮೊಸರಿನಿಂದ ಆಣೆಕಟ್ಟಿನ ನೀರಲ್ಲಿ ಮುಳುಗಿದ ಹಳೆಯ ಕೊಲ್ಹಾರ, ಅಲ್ಲಿಂದ ಹೊಸ ಊರು, ಹೊಸ ಊರಿನ ಹೊಸ ಸಾಲಿ. ಬಾಗಿಲ ಹಿಂದೆ ನಾನು ಕಿವಿಗೊಟ್ಟು ನಿಂತಿದ್ದೆ. “ಸಾಲಿ ಅಂದಮ್ಯಾಗ ಕಲಿಸವರು ಬೇಕು...” ಎನ್ನುವಷ್ಟರಲ್ಲಿ ವರನ ತಂದೆ ಗಡಿಯಾರ ನೋಡಿ ಚೀರಿದರು: “ಯಪ್ಪಾ, ಸಿಂದಗಿ ಬಸ್ ಹೋತಲ್ಲೋ!”

ಬಂದವರೆಲ್ಲ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದರು. “ಇಂಥ ಮನಿ ಬೀಗತನ ಬ್ಯಾಡ್ರೆಪಾ. ಮದುವಿ ಅಕ್ಕಿಕಾಳು ಬೀಳೂದರಾಗ ಮೊಮ್ಮಕ್ಕಳಾಗಿರ್ತಾವು” ಎಂದು ವರನ ತಂದೆ ಅಂಗಳದಲ್ಲೇ ಹೇಳಿ ಹೋದರು.

ಅಪ್ಪ ಕೆಂಡವಾಗಿದ್ದ. “ಏನ್ ಹೇಳಾಕ ಬಂದಿದ್ರಿ ಮಾಸ್ತರ?”

“ಅಲ್ಲಿಗೇ ಬರಾಕತ್ತಿದ್ದೆ. ಎಲ್ಲಿದ್ದಿವಿ? ಹಾಂ, ಕಲಿಸವರು. ಕಲಿಸಾಕ ಬಿ.ಎಡ್. ಬೇಕು. ಬಿ.ಎಡ್. ಅಂದ್ರ ನಮ್ಮ ಸಾವಿತ್ರಿ...”

“ಮಾಡ್ಲಿ ಬಿಡ್ರಿ! ಮಾಡ್ಲಿ! ಇಲ್ಲಿಗೆ ಮುಗಸ್ರಿ!”

ಮಾಡಿದೆ. ಈಗ ಬಸವನ ಬಾಗೇವಾಡಿಯಲ್ಲಿ ಕಲಿಸುತ್ತೇನೆ. ಮಾಸ್ತರರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಅಲ್ಲಿಂದಲೇ ಇಂಡಿಗೆ ಹೋದೆ. ಮೈ ಕಡ್ಡಿಯಾಗಿತ್ತು. ಡಾಕ್ಟರ್ ಏನಂದರೆಂದು ಕೇಳಿದೆ.

“ನೀರು ಕಮ್ಮಿ ಕುಡಿ ಅಂದಾನ. ನೀರಂದ್ರ ಕೆನಾಲು ನೆನಪಾತು. ಕೆನಾಲಿನ ದಂಡಿಗೆ ನಮ್ಮವ್ವ...” ಉಸಿರು ಸಾಲಲಿಲ್ಲ. ನಾನು ಕಾದೆ. ಅವರು ಕಿಟಕಿಯಾಚೆ ಇಳಿಯುತ್ತಿದ್ದ ಬಿಸಿಲು ನೋಡಿದರು.

“ಅದಿರಲಿ,” ಎಂದರು. “ನೀ ಹೊಂಡವಾ. ಬಾಗೇವಾಡಿ ಬಸ್ ತಪ್ಪತೈತಿ.”

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಆದರೂ ಹೇಳಿದ ಮಾತು ಕೇಳುವ ವಿದ್ಯಾರ್ಥಿನಿಯಂತೆ ಎದ್ದು ಬಂದೆ. ಬಸ್ಸು ಸಿಕ್ಕಿತು. ಮರುವಾರ ಅವರು ಹೋದ ಸುದ್ದಿ ಬಂತು. ಕೆನಾಲಿನ ದಂಡೆಯಲ್ಲಿ ಅವರ ಅವ್ವ ಏನು ಮಾಡುತ್ತಿದ್ದರೋ ನನಗೆ ಗೊತ್ತಾಗಲೇ ಇಲ್ಲ.

ಅದೊಂದು ಬಸ್ಸು ನನಗೂ ತಪ್ಪಬೇಕಿತ್ತು.