ಮಗ್ಗದ ಗುಂಡಿ ಮತ್ತು ಮಗಳ ಕಾಲು

ಗಜೇಂದ್ರಗಡದ ನಮ್ಮ ಮನೆಗೆ ಒಂದೇ ಪಡಸಾಲೆ, ಅದರ ತುಂಬ ನನ್ನ ಕೈಮಗ್ಗ. ನೇಯುವವನು ಕಾಲು ಇಳಿಬಿಟ್ಟು ಕೂರಲು ಮಗ್ಗದ ಕೆಳಗೆ ಮೊಣಕಾಲಿಗಿಂತ ತುಸು ಆಳದ ಗುಂಡಿ ಇರುತ್ತದೆ. ಮಗಳು ಹುಟ್ಟಿದಾಗಿನಿಂದ ನನ್ನ ಹೆಂಡತಿಯ ಕಣ್ಣಿಗೆ ಬೀಳುತ್ತಿದ್ದುದು ಆ ಗುಂಡಿಯೊಂದೇ. ಹೀಗಾಗಿ ಕೂಸು ತೊಟ್ಟಿಲಿನಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ. ನೆಲ ಮುಟ್ಟಿದ್ದು ಕಡಿಮೆ.

ರೋಣದಲ್ಲಿರುವ ನನ್ನ ತಂಗಿಯ ಮಗನೂ ಅದೇ ತಿಂಗಳು ಹುಟ್ಟಿದವನು. ಅವನು ಅಂಬೆಗಾಲಿಟ್ಟರೆ ನನ್ನ ಹೆಂಡತಿಯ ಫೋನಿಗೆ ಒಂದು ವಿಡಿಯೋ, ಗೋಡೆ ಹಿಡಿದು ನಿಂತರೆ ಇನ್ನೊಂದು. ಹನ್ನೊಂದು ತಿಂಗಳು ತುಂಬಿದರೂ ನಮ್ಮವಳು ಮಾತ್ರ ಕೂತಲ್ಲೇ ಮಹಾರಾಣಿ. ಹೆಂಡತಿ ಆ ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿ ಅಳುತ್ತಿದ್ದಳು. ನನಗೆ ಹೆದರಿಕೆ ಇರಲಿಲ್ಲ, ಆ ಫೋನಿನ ಮೇಲೆ ಸಿಟ್ಟಿತ್ತು. ದಿನಾ ನನ್ನ ಹೊಟ್ಟೆಗೆ ಒದೆಯುವ ಕಾಲಿನ ಜೋರು ನನಗೆ ಗೊತ್ತಿಲ್ಲವೇ?

ದವಾಖಾನೆಯಲ್ಲಿ ಡಾಕ್ಟರು ಕಾಲು ಮಡಚಿ ಬಿಡಿಸಿ ನೋಡಿದರು. “ಕೂಸು ಗಟ್ಟಿಮುಟ್ಟಾಗೇತ್ರಿ. ಎಲ್ಲಾ ಕೂಸು ಒಂದ ಯಾಳೇಕ್ಕ ನಿಂದರೂದಿಲ್ಲ. ನೆಲಕ್ಕ ಬಿಡ್ರಿ, ತಾನ ಮಾಡ್ತೈತಿ,” ಎಂದರು.

ಮನೆಗೆ ಬಂದವಳೇ ಹೆಂಡತಿ ಸಿಡಿದಳು. “ನೆಲಾ ಎಲ್ಲೈತ್ರಿ ನಮ್ಮನ್ಯಾಗ? ಮಗ್ಗಾ ತಗಸ್ರಿ. ಇಲ್ಲಂದ್ರ ನಾ ಕೂಸಿನ್ನ ಕರಕೊಂಡು ತವರಮನಿಗೆ ಹೋಗ್ತೀನಿ.” ಅವಳ ತವರು ಮುಶಿಗೇರಿ, ಅಲ್ಲಿ ಅಂಗಳ ದೊಡ್ಡದು. ಮಗ್ಗ ತೆಗೆದರೆ ನಮ್ಮ ಹೊಟ್ಟೆಪಾಡು ನಿಲ್ಲುತ್ತದೆಂದು ಅವಳಿಗೂ ಗೊತ್ತಿತ್ತು. ಆದರೂ ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

ನಾನು ಮಗ್ಗದ ಮೇಲಿದ್ದ ನೂಲಿನ ಲಾಳಿ ಬದಿಗಿಟ್ಟು, ಮಗಳನ್ನೆತ್ತಿಕೊಂಡು ಮಗ್ಗಕ್ಕೆ ಕೂತೆ. ಅವಳನ್ನು ಮೆಲ್ಲಗೆ ಇಳಿಸಿ ಗುಂಡಿಯ ಮೂಲೆಯಲ್ಲಿ ನಿಲ್ಲಿಸಿದೆ. ಹಿಂದೆ ಗೋಡೆ, ಪಕ್ಕಕ್ಕೆ ಗೋಡೆ, ಈ ಕಡೆ ನನ್ನ ಕಾಲು. ಬೀಳಲು ಜಾಗವೇ ಇಲ್ಲ. ಪುಟ್ಟ ಕೈಗಳು ಗುಂಡಿಯ ಅಂಚನ್ನು ಹಿಡಿದವು. ಮೊಣಕಾಲು ಒಮ್ಮೆ ನಡುಗಿ ಗಟ್ಟಿಯಾಯಿತು. ಅಂಬೆಗಾಲಿನ ಗೊಡವೆಗೇ ಹೋಗದೆ ನನ್ನ ಮಗಳು ನೆಟ್ಟಗೆ ನಿಂತಿದ್ದಳು.

ಹೊರಗೆ ಬಂದ ಹೆಂಡತಿಗೆ ಕಂಡಿದ್ದು ನೆಲದ ಮೇಲೆ ಕೂಸಿನ ತಲೆಯಷ್ಟೇ. “ಅಯ್ಯ! ಕೂಸು ಬಿತ್ತಲ್ರೀ!”

“ಬಿದ್ದಿಲ್ಲ. ನಿಂತೈತಿ, ಬಂದು ನೋಡು.”

ಅವಳು ಓಡಿಬಂದು ಬಗ್ಗಿ ನೋಡಿದಳು. “ನೀವು ಹಿಡಕೊಂಡೀರಿ, ಹೌದಲ್ರಿ?”

ನಾನು ಎರಡೂ ಕೈ ಮೇಲೆತ್ತಿ ತೋರಿಸಿದೆ. “ಆಗಲೇ ಬಿಟ್ಟೀನಿ.”

ಅವಳು ಗುಂಡಿಯ ಅಂಚಿನಲ್ಲೇ ಕುಸಿದು ಕೂತು, ಮಗಳ ಬೆರಳುಗಳ ಮೇಲೆ ಕೈಯಿಟ್ಟಳು. ಫೋನು ಒಳಗೆ ಚೀಲದ ಮೇಲಿತ್ತು. ಅದನ್ನು ತರಲು ಅವಳು ಏಳಲಿಲ್ಲ.