ನಾನು ಹಿಡಿಯದೇ ಇದ್ದ ವ್ರತ

ರೀ, ನಾನು ಯಾವ ವ್ರತವನ್ನೂ ಹಿಡಿದಿರಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಬೇರೆ ಮಲಗಿದ್ದು ದೇವರಿಗಾಗಿ ಅಲ್ಲ — ನಿಮ್ಮಿಂದ ತಪ್ಪಿಸಿಕೊಳ್ಳಲು.

ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ನೀವು ನನ್ನ ಕಾಲುಗಳನ್ನೇ ನೋಡಿದಿರಿ. ಕಾಲು ಹೇಗೋ ನಡೆಯಿತು. ಮೂತ್ರ ಮಾತ್ರ ನನ್ನ ಹಿಡಿತ ತಪ್ಪಿತು. ಬಂತೆಂದರೆ ಬಂತು, ಬಚ್ಚಲು ತಲುಪುವಷ್ಟೂ ಪುರುಸೊತ್ತಿಲ್ಲ. ಥೂ! ಶಾಲೆಯಲ್ಲಿ ಪಾಠ ಮಾಡುತ್ತಾ ನಿಂತಲ್ಲೇ ಸೀರೆ ಒದ್ದೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟೆ, ಉರಿಮೂತ್ರವೂ ಸೇರಿಕೊಂಡಿತು. ಅವರೆಕಾಯಿ ಕಾಲದಲ್ಲಿ ವಿಶ್ವೇಶ್ವರಪುರಂನ ಅವರೆ ಮೇಳಕ್ಕೆ ಹೋಗೋಣವೆಂದು ನೀವು ಕರೆದಾಗಲೆಲ್ಲ "ಜನ ಜಾಸ್ತಿ ರೀ" ಅಂದೆ.

ಆಮೇಲೊಮ್ಮೆ ನೀವು ಹತ್ತಿರ ಬಂದಿರಿ — ಮುಟ್ಟಿದ್ದೇ ನನಗೆ ತಿಳಿಯಲಿಲ್ಲ. ಸೊಂಟದ ಕೆಳಗೆಲ್ಲ ಜೋಮು. ಹಾಸಿಗೆ ಒದ್ದೆಯಾದರೆ ಎಂಬ ಭಯ ಬೇರೆ. ಮರುದಿನ ಕಾಫಿ ಕೊಡುತ್ತಾ ಹೇಳಿಬಿಟ್ಟೆ: "ವಾಸಿಯಾಗೋ ತನಕ ವ್ರತ ಹಿಡ್ದಿದೀನಿ. ಚಾಪೆ ಮೇಲೇ ಮಲಗ್ತೀನಿ." ನಮ್ಮ ಮನೆಯಲ್ಲಿ ವ್ರತವೆಂದರೆ ಯಾರೂ ಮರುಮಾತಾಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ನೀವೂ ಹಿಡಿಯಬೇಕೇ! "ನೀನೊಬ್ಳೇ ಯಾಕೆ ಕಷ್ಟಪಡ್ಬೇಕು? ನಾನೂ ಕಾಫಿ ಬಿಟ್ಟೆ ಬಿಡು." ಸಂಜೆ ಬ್ಯಾಂಕಿನಿಂದ ಬಂದು, ತಲೆನೋವಿಗೆ ಹಣೆ ಒತ್ತಿಕೊಳ್ಳುತ್ತಾ ಬಿಸಿನೀರು ಕುಡಿಯುತ್ತಿದ್ದಿರಿ. ನನಗೆ ಸಿಟ್ಟು ಬರುತ್ತಿತ್ತು — ಮೊದಲು ನಿಮ್ಮ ಮೇಲೆ, ಎಷ್ಟು ನಂಬುತ್ತಾರಪ್ಪಾ ಎಂದು. ಆಮೇಲೆ ನನ್ನ ಮೇಲೆ. ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ — ಹೋಗಲಿ.

ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು: ಮೂತ್ರದ ತೊಂದರೆ ಇದೆಯಾ, ದಾಂಪತ್ಯ ಹೇಗಿದೆ. ಅಷ್ಟರೊಳಗೆ ನಿಮ್ಮನ್ನು ಔಷಧಿ ಅಂಗಡಿಗೆ ಅಟ್ಟಿರುತ್ತಿದ್ದೆ. "ಏನೂ ಇಲ್ಲ" ಎಂದು ಅವರಿಗೂ ಸುಳ್ಳು. ಹೋದ ಸಲ ಅವರು ಬಿಡಲಿಲ್ಲ. "ಇದೂ ಆ ಕಾಯಿಲೆದೇ ಕಣಮ್ಮಾ. ಔಷಧಿ ಇದೆ, ವ್ಯಾಯಾಮ ಇದೆ. ಹೇಳಿದ್ರೆ ತಾನೆ ಕೊಡೋದು? ಮುಂದಿನ ಸಲ ಇಬ್ರೂ ಕೂತ್ಕೊಳ್ಳಿ, ಮಾತಾಡೋಣ." ಅದನ್ನೂ ನಿಮಗೆ ಹೇಳದೆ ನುಂಗಿಕೊಂಡೆ. ಎಂಥ ಹೆಂಗಸು ನಾನು!

ನಿನ್ನೆ ನೀವು ಖುಷಿಯಿಂದ ಅಂದಿರಿ: "ನಿನ್ನ ನಡಿಗೆ ಸುಧಾರಿಸಿದೆ ಕಣೇ. ವ್ರತ ಫಲ ಕೊಡ್ತಾ ಇದೆ. ಇನ್ನೊಂದ್ ವರ್ಷ ಮುಂದುವರಿಸೋಣ."

ಬೇಡ ರೀ. ಸೋಮವಾರ ಡಾಕ್ಟರ ಹತ್ತಿರ ಹೋದಾಗ ನಿಮ್ಮನ್ನು ಹೊರಗೆ ಕಳಿಸುವುದಿಲ್ಲ. ಡಾಕ್ಟರು ಕೇಳುವಾಗ ಪಕ್ಕದಲ್ಲೇ ಕೂತಿರಿ, ಎಲ್ಲವನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಬೇಕಾದಷ್ಟು ಬೈಯಿರಿ. ಡಿಕಾಕ್ಷನ್ ಹಾಕಿಟ್ಟಿದ್ದೇನೆ. ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳುತ್ತೀರೋ ಇಲ್ಲವೋ, ಗೊತ್ತಿಲ್ಲ.